ಹಣ್ಣಿನ ದೋಷವೋ, ಯಂತ್ರದ ದೋಷವೋ?

ಆಂಗ್ಲದೇಶದ ನೈರುತ್ಯ ದಿಕ್ಕಿನಲ್ಲಿ ಡೆವನ್ ಎಂಬ ಪ್ರಾಂತವುಂಟು. ಸೇಬಿನ ತೋಟಗಳಿಗೆ ಆ ಸೀಮೆ ಬಹುಕಾಲದಿಂದ ಹೆಸರಾದುದು. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿಯ ರೈತರು ಶರತ್ಕಾಲದಲ್ಲಿ ಮಾಗಿದ ಹಣ್ಣುಗಳನ್ನು ರಾಶಿಹಾಕಿ ಹದಗೊಳಿಸಿ, ದುಂಡನೆಯ ಕಲ್ದೋಣಿಯಲ್ಲಿ ಸುರಿದು, ಕುದುರೆಯೆಳೆಯುವ ಕಲ್ಲಿನ ಗಾಲಿಯಿಂದ ಅರೆಯುತ್ತಿದ್ದರು. ಅರೆದುದನ್ನು ಹುಲ್ಲಿನೊಡನೆ ಪದರಪದರವಾಗಿ ಪೇರಿಸಿ ಒತ್ತಿದರೆ ರಸವಿಳಿಯುತ್ತಿತ್ತು. ಪೀಪಾಯಿಯಲ್ಲಿ ತುಂಬಿಟ್ಟ ಆ ರಸವು ತಾನಾಗಿಯೇ ಹುದುಗಿ ಸೈಡರ್ ಎಂಬ ಪಾನವಾಗುತ್ತಿತ್ತು. ಇದು ನೆರೆಹೊರೆಯವರು ಕೂಡಿ ಮಾಡುವ ಕೆಲಸ, ಕೂಡಿ ಕುಡಿಯುವ ಪಾನ. ಕೂಲಿಯವರಿಗೆ ವೇತನದ ಒಂದಂಶವನ್ನೇ ಸೈಡರ್ ರೂಪದಲ್ಲಿ ಕೊಡುವ ವಾಡಿಕೆಯಿದ್ದು, 1887ರ ಶಾಸನದಿಂದ ಅದು ನಿಷಿದ್ಧವಾಯಿತು.

ಇಂಥ ಸಂತೋಷದ ಪಾನಕ್ಕೆ ಒಂದು ಘೋರವಾದ ರೋಗವು ಅಂಟಿಕೊಂಡಿತ್ತು. ಹೊಟ್ಟೆಯಲ್ಲಿ ಸಹಿಸಲಾಗದ ಶೂಲೆ, ಮಲಬದ್ಧತೆ, ಕೊನೆಗೆ ಮಣಿಕಟ್ಟು ಬಲಗುಂದಿ ಕೈ ಜೋತುಬೀಳುವುದು, ಇವು ಅದರ ಲಕ್ಷಣಗಳು. ಪ್ಲಿಮತ್ ನಗರದ ವೈದ್ಯ ಜಾನ್ ಹಕ್ಸಮ್ ಎಂಬಾತನು, ಸೇಬು ಹೇರಳವಾಗಿ ಬೆಳೆದ 1724ರಲ್ಲಿ ಹಬ್ಬಿದ ಈ ವ್ಯಾಧಿಯನ್ನು ಸೂಕ್ಷ್ಮವಾಗಿ ವರ್ಣಿಸಿದನು. ಆದರೆ ಕಾರಣವನ್ನು ಹೇಳುವಲ್ಲಿ ಎಡವಿ, ಹಣ್ಣಿನ ಹುಳಿಯ ಮೇಲೆಯೇ ಅಪವಾದವನ್ನು ಹೊರಿಸಿದನು.

ನಿಜವಾದ ಕಾರಣವನ್ನು ಕಂಡವನು ಜಾರ್ಜ್ ಬೇಕರ್. ಈತನು 1722ರಲ್ಲಿ ಡೆವನ್ನಿನಲ್ಲಿಯೇ ಹುಟ್ಟಿದವನು. ಹೆರಿಫರ್ಡ್ ಪ್ರಾಂತದಲ್ಲಿಯೂ ಜನರು ಯಥೇಚ್ಛವಾಗಿ ಸೈಡರ್ ಕುಡಿಯುತ್ತಿದ್ದರು. ಹಣ್ಣಿನಲ್ಲಿ ಹುಳಿ ಅಲ್ಲಿಯೂ ಇತ್ತು. ಆದರೂ ರೋಗವು ಅಪರೂಪ. ಹುಳಿಯಿದ್ದೂ ರೋಗವಿಲ್ಲವೆಂದಮೇಲೆ, ನಮ್ಮ ತಾರ್ಕಿಕರ ಮಾತಿನಲ್ಲಿ ಹಕ್ಸಮನ ಹೇತುವಿಗೆ ವ್ಯಭಿಚಾರದೋಷವು ತಟ್ಟಿತು. ಹಾಗಾದರೆ ಭೇದವೆಲ್ಲಿ? ಡೆವನ್ನಿನಲ್ಲಿ ಕಲ್ದೋಣಿಯ ಸಂದುಗಳಿಗೆ ಸೀಸವನ್ನು ಕರಗಿಸಿ ಹೊಯ್ಯುತ್ತಿದ್ದರು. ಕೆಲವೆಡೆ ಒತ್ತುವ ಯಂತ್ರಕ್ಕೆ ಸೀಸದ ತಗಡನ್ನೇ ಹೊದಿಸುತ್ತಿದ್ದರು. ಹೆರಿಫರ್ಡಿನಲ್ಲಿ ಈ ಪದ್ಧತಿಯಿರಲಿಲ್ಲ. ಬೇಕರನು ಡೆವನ್ನಿನ ಸೈಡರನ್ನು ರಾಸಾಯನಿಕವಾಗಿ ಪರೀಕ್ಷಿಸಿ, ಅದರಲ್ಲಿ ಸೀಸವಿರುವುದನ್ನು ತೋರಿಸಿ, 1767ರಲ್ಲಿ ತನ್ನ ಪ್ರಬಂಧವನ್ನು ವೈದ್ಯರ ಮುಂದಿಟ್ಟನು. ಸೀಸವಿದ್ದಲ್ಲಿ ರೋಗವುಂಟು, ಸೀಸವಿಲ್ಲದಲ್ಲಿ ರೋಗವಿಲ್ಲ. ಅನ್ವಯ ವ್ಯತಿರೇಕಗಳಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ಪಾಠಶಾಲೆಯಲ್ಲಿಯೂ ಕಾಣುವುದು ಕಷ್ಟ.

ಹುಳಿಯು ಸೀಸವನ್ನು ಕರಗಿಸಿಕೊಳ್ಳುತ್ತದೆ. ಹೀಗೆ ಹುಟ್ಟುವ ಸೀಸದ ಲವಣಗಳಲ್ಲಿ ಕೆಲವು ನಾಲಗೆಗೆ ಸಿಹಿಯಾಗಿಯೇ ಇರುವುದರಿಂದ ಕುಡಿಯುವವನಿಗೆ ಶಂಕೆಯೇ ಹುಟ್ಟದು. ಕಲಾಯಿ ಹೋದ ಹಿತ್ತಾಳೆಯ ಪಾತ್ರೆಯಲ್ಲಿ ಹುಳಿಯನ್ನಿಡಬಾರದೆಂದು ನಮ್ಮ ಮನೆಗಳ ಹಿರಿಯ ಹೆಂಗಸರು ಹೇಳುತ್ತಿದ್ದುದನ್ನು ವಾಚಕರು ಇಲ್ಲಿ ಸ್ಮರಿಸಬಹುದು. ಲೋಹವು ಬೇರೆಯಾದರೂ ನ್ಯಾಯವು ಒಂದೇ.

ಬೇಕರನಿಗೆ ತವರಿನಲ್ಲಿ ದೊರೆತುದು ಕೃತಜ್ಞತೆಯಲ್ಲ. 1763ರಲ್ಲಿ ಸರಕಾರವು ಸೈಡರಿನ ಮೇಲೆ ವಿಧಿಸಿದ್ದ ತೆರಿಗೆಯನ್ನು ಅಲ್ಲಿಯ ಜನರು ಬಲವಾಗಿ ಪ್ರತಿಭಟಿಸಿದ್ದರು. ಅದು 1766ರಲ್ಲಿ ರದ್ದಾಯಿತು. ಆ ಸಮಾಧಾನದ ಮರುವರ್ಷವೇ ತಮ್ಮ ನಾಡಿನ ಮಗನೊಬ್ಬನು ತಮ್ಮ ಪಾನದಲ್ಲಿ ವಿಷವಿದೆಯೆಂದನು. ಸೈಡರ್ ತಯಾರಿಸುವವರು ಅವನನ್ನು ಹಳಿದರು. ಆದರೂ ಕ್ರಮೇಣ ಯಂತ್ರಗಳಿಂದ ಸೀಸವು ತೊಲಗಿತು. ಅದರೊಡನೆ ಶೂಲೆಯೂ ಕುಗ್ಗುತ್ತ ಹೋಯಿತು.

ಬೇಕರನು ತೋಟವನ್ನು ಕಡಿಯಿರೆನ್ನಲಿಲ್ಲ, ಪಾನವನ್ನು ಬಿಡಿರೆನ್ನಲಿಲ್ಲ, ಸೀಸವನ್ನು ತೆಗೆಯಿರೆಂದನು. ಅವನ ಮಾತಿನಿಂದ ಸೇಬಿಗೆ ತಗುಲಿದ್ದ ಅಪವಾದವೇ ಕಳೆಯಿತು. ಆದುದರಿಂದ ಆ ಹಣ್ಣಿಗೆ ನಿಜವಾದ ಬಂಧುವಾದವನು, ದೋಷವೇ ಇಲ್ಲವೆಂದು ವಾದಿಸಿದವನಲ್ಲ. ದೋಷವು ಎಲ್ಲಿದೆಯೆಂದು ಹುಡುಕಿದವನು.