ನಮ್ಮ ಸಂಘದ ಶಕ್ತಿಮಾನ್ ಲಾರಿ ಮತ್ತು ಅದರ ಆವಾಜುಗಳು

ನಮ್ಮ ಸಂಘವು 25 ವರ್ಷ ಪೂರೈಸಿ ಬೆಳ್ಳಿ ಹಬ್ಬ ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದರು. ಸಾಲ, ಠೇವಣಿ, ಲಾಭಾಂಶದ ಲೆಕ್ಕ ಕಾರ್ಯದರ್ಶಿಗಳ ವರದಿಯಲ್ಲಿ ಬಂದೇ ಬರುತ್ತದೆ. ಗೋದಾಮು ಕಟ್ಟಿದ ಕಥೆಯನ್ನು ಮಾಜಿ ಅಧ್ಯಕ್ಷರು ಬರೆದಿದ್ದಾರೆ. ಉಳಿದದ್ದು ಗೋದಾಮಿನ ಮಗ್ಗುಲಿಗೆ ಬೇವಿನ ಗಿಡದ ಕೆಳಗೆ ನಿಂತಿರುವ ಹಳೆ ಮಿಲಿಟರಿ ಲಾರಿ. ಅದಕ್ಕೂ ಒಂದು ಇತಿಹಾಸವಿದೆ. ಅದನ್ನೇ ನಾವು ನಮಗೆ ತಿಳಿದಂತೆ ಇಲ್ಲಿ ಬರೆಯುತ್ತಿದ್ದೇವೆ.

ಮಿಲಿಟರಿ ಗಾಡಿ ಮತ್ತು ನಮ್ಮ ಸೀಮೆ

ಬೀದರ ಜಿಲ್ಲೆಯ ಮಂದಿಗೆ ಮಿಲಿಟರಿ ಗಾಡಿ ಹೊಸದಲ್ಲ. ಬೀದರಿನಲ್ಲಿ ವಿಮಾನ ನಿಲ್ದಾಣ ಆದದ್ದು 1942ರಲ್ಲಿ, ಎರಡನೇ ಮಹಾಯುದ್ಧದ ಕಾಲದಲ್ಲಿ. ಅದಾದ ಮೇಲೆ 1948. ಆಗ ನಾವು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದೆವು. ಆ ವರ್ಷ ಸೆಪ್ಟೆಂಬರ್ 13ಕ್ಕೆ ಮೇಜರ್ ಜನರಲ್ ಜೆ. ಎನ್. ಚೌಧುರಿ ಅವರ ನೇತೃತ್ವದಲ್ಲಿ ಭಾರತದ ಸೈನ್ಯ ಸೊಲ್ಲಾಪುರದ ಕಡೆಯಿಂದ ಹೊರಟು ನಳದುರ್ಗ, ಉಮರ್ಗಾ, ರಾಜೇಶ್ವರ ದಾಟಿ ಬಂತು. 17ರ ಬೆಳಗಿನ ಜಾವ ಬೀದರಿಗೆ ಬಂದು ಮುಟ್ಟಿತು. ಅದೇ ದಿನ ನಿಜಾಮರು ಶರಣಾದರು. ಆಗ ಸೈನ್ಯದ ಹತ್ತಿರ ಇದ್ದದ್ದು ಹೆಚ್ಚಾಗಿ ಮಹಾಯುದ್ಧದಲ್ಲಿ ದುಡಿದು ಉಳಿದ ಫೋರ್ಡ್, ಶೆವರ್ಲೆ, ಡಾಡ್ಜ್ ಲಾರಿಗಳು.

ನಮ್ಮ ಹಿರಿಯರು ಆ ಕಾಲ ನೆನೆಸಿದಾಗಲೆಲ್ಲ ಆವಾಜಿನ ಮಾತೇ ಮೊದಲು ಬರುತ್ತಿತ್ತು. ಮೊದಲು ರಜಾಕಾರರ ಹಾವಳಿ, ಆಮೇಲೆ ಮುಸಲ್ಮಾನ ಕುಟುಂಬಗಳ ಮೇಲೆ ನಡೆದ ಹಿಂಸೆ. ಎರಡೂ ಕಡೆಯ ಬಡವರು ರಾತ್ರಿ ದೂರದಲ್ಲಿ ಮೋಟಾರಿನ ಆವಾಜ ಕೇಳಿದರೆ ಕೂಸುಗಳನ್ನು ಎತ್ತಿಕೊಂಡು ಜೋಳದ ಹೊಲದಾಗ ಅಡಗುತ್ತಿದ್ದರಂತೆ. ಬರುವವರು ಕಾಯುವವರೋ ಕೊಲ್ಲುವವರೋ ಎಂದು ಇಂಜಿನ್ ಆವಾಜಿನ ಮೇಲೆ ಹೇಳುವುದು ಯಾರಿಂದ ಆದೀತು?

ಮತ್ತೊಂದು ಸಲ ನಮ್ಮ ಕಡೆ ಸೈನ್ಯ ಬಂದದ್ದು 1993ರಲ್ಲಿ. ಗಣಪತಿ ವಿಸರ್ಜನೆ ಮುಗಿಸಿ ಮಂದಿ ಮಲಗಿದ್ದ ರಾತ್ರಿ, ಸೆಪ್ಟೆಂಬರ್ 30ರ ನಸುಕಿನಲ್ಲಿ 4 ಗಂಟೆಗೆ ನಾಲ್ಕೈದು ನಿಮಿಷ ಇರುವಾಗ, ನೆರೆಯ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾಯಿತು. ಮಣ್ಣು-ಕಲ್ಲಿನ ಮನೆಗಳು ಬಿದ್ದು ಹತ್ತಿರ ಹತ್ತಿರ 10 ಸಾವಿರ ಜನ ಸತ್ತರು. ಭಾಲ್ಕಿ ಕಡೆಗೂ ನೆಲ ನಡುಗಿತು. ನಾವಾಗ ಶಾಲಾ ಹುಡುಗರು, ಅಂಗಳಕ್ಕೆ ಓಡಿ ಬಂದದ್ದು ನೆನಪಿದೆ. ಪರಿಹಾರದ ಕೆಲಸಕ್ಕೆ ಸೈನ್ಯ ಬಂತು. ಕಿಲ್ಲಾರಿಯಲ್ಲಿ ಹಿಂದಿನ ವರ್ಷವೇ, 1992ರಲ್ಲೇ, ಸಣ್ಣ ಸಣ್ಣ ಕಂಪನವಾಗಿ ನೆಲದೊಳಗಿಂದ ಗುಡುಗುಡು ಆವಾಜ ಬಂದಿತ್ತು. ಅದರ ಅರ್ಥ ಬಿಡಿಸಿ ಹೇಳುವವರು ಇರಲಿಲ್ಲ. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲೂಕಿನ ಗಡಿಕೇಶ್ವರದಲ್ಲಿ ಅಂಥದೇ ಸದ್ದು ಕೇಳಿದಾಗ ಮಂದಿ ಕಿಲ್ಲಾರಿ ನೆನೆಸಿಕೊಂಡು ಊರು ಬಿಟ್ಟು ಹೊರಬಿದ್ದದ್ದು ಇದೇ ಕಾರಣಕ್ಕೆ.

ಶಕ್ತಿಮಾನ್ ಎಲ್ಲಿಂದ ಬಂತು

ಸ್ವಾತಂತ್ರ್ಯದ ನಂತರ ಸೈನ್ಯಕ್ಕೆ ನಮ್ಮದೇ ದೇಶದಲ್ಲಿ ಲಾರಿ ತಯಾರಾಗಬೇಕೆಂದು ಸರಕಾರ ಜರ್ಮನಿಯ ಎಂ.ಎ.ಎನ್. ಕಂಪನಿಯೊಡನೆ ಒಪ್ಪಂದ ಮಾಡಿಕೊಂಡಿತು. ಇದು ಸಾಮಾನ್ಯ ಕಂಪನಿಯಲ್ಲ. ರುಡಾಲ್ಫ್ ಡೀಸೆಲ್ ಎಂಬ ಇಂಜಿನಿಯರು ತಮ್ಮ ಇಂಜಿನ್ನನ್ನು ಪ್ರಯೋಗ ಮಾಡಿ 1897ರಲ್ಲಿ ಗೆದ್ದದ್ದು ಇದೇ ಕಂಪನಿಯ ಆಗ್ಸ್‌ಬರ್ಗ್ ಕಾರ್ಖಾನೆಯಲ್ಲಿ. ನಾವು ದಿನಾ ಟ್ರ್ಯಾಕ್ಟರಿಗೆ ಹಾಕುವ ಡೀಸೆಲ್ಲಿಗೆ ಅವರದೇ ಹೆಸರು.

ಜಬಲ್ಪುರದ ಗನ್ ಕ್ಯಾರೇಜ್ ಫ್ಯಾಕ್ಟರಿಯಲ್ಲಿ 1959ರಲ್ಲಿ ಮೊದಲನೇ ಶಕ್ತಿಮಾನ್ ಹೊರಬಂತು. ಮುಂದೆ ಅಲ್ಲೇ ವೆಹಿಕಲ್ ಫ್ಯಾಕ್ಟರಿ ಆಗಿ ಕೆಲಸ ಅಲ್ಲಿಗೆ ಹೋಯಿತು. ನಾಲ್ಕೂ ಗಾಲಿಗೆ ಎಳೆತ, 6 ಸಿಲಿಂಡರಿನ ಡೀಸೆಲ್ ಇಂಜಿನ್, ಎತ್ತರದ ಮೈ. ಹಿಮಾಲಯದ ಘಾಟಿಗೂ ರಾಜಸ್ಥಾನದ ಮರಳಿಗೂ ಒಂದೇ ಗಾಡಿ. 1990ರ ದಶಕದಲ್ಲಿ ಇದರ ತಯಾರಿಕೆ ನಿಂತು ಅಶೋಕ್ ಲೇಲ್ಯಾಂಡ್‌ನ ಸ್ಟಾಲಿಯನ್, ಟಾಟಾದ ಎಲ್.ಪಿ.ಟಿ.ಎ. ಗಾಡಿಗಳು ಅದರ ಜಾಗಕ್ಕೆ ಬಂದವು. ಸೈನ್ಯ ಬಳಸಿ ಬಿಟ್ಟ ಶಕ್ತಿಮಾನ್‌ಗಳು ಲಿಲಾವಿಗೆ ಬಂದು ಕಾಡು, ಗಣಿ, ಗುಡ್ಡಗಾಡಿನ ಕೆಲಸಕ್ಕೆ ಹೋದವು. ಅಂಥ ಒಂದು ಗಾಡಿ 2003ರಲ್ಲಿ ನಮ್ಮ ಸಂಘದ ಪಾಲಿಗೆ ಬಂತು.

ಸಂಘಕ್ಕೆ ಲಾರಿ ಯಾಕೆ ಬೇಕಾಯಿತು

ಭಾಲ್ಕಿಗೆ, ಕಮಲನಗರಕ್ಕೆ ರೈಲುಂಟು. ಔರಾದಕ್ಕೆ ಇಲ್ಲ. ಆ ಕಡೆ ನೆಲವೆಲ್ಲ ಎರೆ ಭೂಮಿ. ಶ್ರಾವಣದಲ್ಲಿ ಎರಡು ದಿನ ಮಳೆ ಹಿಡಿದರೆ ಹೊಲದ ದಾರಿಯಲ್ಲಿ ಎತ್ತಿನ ಬಂಡಿಯೂ ಅಚ್ಚಿನವರೆಗೆ ಹೂಳುತ್ತದೆ. ಉದ್ದು, ಹೆಸರು ಕೊಯ್ಲಿಗೆ ಬರುವುದೂ ಅದೇ ಮಳೆಯೊಳಗೆ. ಕಾಳು ಎರಡು ದಿನ ತಡವಾದರೆ ಕಪ್ಪಾಗಿ ಮೊಳಕೆ ಒಡೆಯುತ್ತದೆ. ಬಾಡಿಗೆ ಲಾರಿಯವರು ಕೆಸರಿಗೆ ಇಳಿಯುತ್ತಿರಲಿಲ್ಲ. ಇಳಿದರೂ ಹೇಳಿದ ರೇಟೇ ರೇಟು. ಅಂಗೈಯಲ್ಲಿ ಜೀವ ಹಿಡಿದುಕೊಂಡು ರೈತ ಊರಲ್ಲೇ ಬಂದ ಬೆಲೆಗೆ ಮಾರುತ್ತಿದ್ದ.

1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ರೈತ ಸಾವುಕಾರರ ಕೈಗೆ ಸಿಗಬಾರದೆಂದು. ನಮ್ಮ ಆಡಳಿತ ಮಂಡಳಿಯವರೂ ಅದನ್ನೇ ನೆನೆದು, ಕೆಸರಿಗೆ ಇಳಿಯುವ ಗಾಡಿ ನಮ್ಮದೇ ಒಂದಿರಲಿ ಎಂದು ಠರಾವು ಮಾಡಿದರು. ಹೊಸ ಗಾಡಿಗೆ ರೊಕ್ಕ ಇರಲಿಲ್ಲ. ಲಿಲಾವಿನಲ್ಲಿ ಹಿಡಿದ ವ್ಯಾಪಾರಿಯೊಬ್ಬರ ಹತ್ತಿರ ಈ ಶಕ್ತಿಮಾನ್ ಸಿಕ್ಕಿತು. ಊರಿಗೆ ತಂದ ದಿವಸ ಹೆಣ್ಣುಮಕ್ಕಳು ಆರತಿ ಮಾಡಿ ಟೆಂಗು ಒಡೆದರು. "ಇದೇನ್ರಿ, ಗಾಡಿ ಬಂತೋ ಗಿರಣಿ ಬಂತೋ?" ಎಂದು ಒಬ್ಬ ಮುದುಕರು ಕೇಳಿದ್ದು ಇಂದಿಗೂ ಊರ ಮಾತಾಗಿದೆ. ಅಷ್ಟು ಥರದ ಆವಾಜುಗಳಿದ್ದವು ಅದರೊಳಗೆ.

ಆವಾಜು ಹಿಡಿಯುವ ವಿದ್ಯೆ

ನಮ್ಮ ಪುಣ್ಯಕ್ಕೆ ಸೈನ್ಯದ ಇ.ಎಂ.ಇ. ವಿಭಾಗದಲ್ಲಿ ದುಡಿದು ಬಂದ ನಿವೃತ್ತ ಹವಾಲ್ದಾರರೊಬ್ಬರು ಊರಲ್ಲಿದ್ದರು. ಸೈನ್ಯದ ಗಾಡಿ, ಯಂತ್ರ ರಿಪೇರಿಗಾಗಿ 1943ರಲ್ಲಿ ಆದ ಈ ವಿಭಾಗದ ದೊಡ್ಡ ತರಬೇತಿ ಕೇಂದ್ರ ನಮಗೆ ಹತ್ತಿರದ ಸಿಕಂದರಾಬಾದಿನಲ್ಲೇ ಇದೆ. ಹವಾಲ್ದಾರರು ಸ್ಪ್ಯಾನರ್ ಹಿಡಿಯುವ ಮೊದಲು ಪ್ರಶ್ನೆ ಕೇಳುತ್ತಿದ್ದರು. "ಆವಾಜ್ ಸುಳ್ಳು ಹೇಳಂಗಿಲ್ಲ, ಕೇಳೋ ಕಿವಿಗೆ ಅವಸರ ಇರತದ" ಎನ್ನುವುದು ಅವರ ಮಾತು.

ಮೊದಲನೆಯ ಪ್ರಶ್ನೆ: ಗಾಡಿ ನಿಂತಾಗ ಬರುತ್ತದೋ, ಓಡುವಾಗ ಮಾತ್ರವೋ? ನಿಂತಲ್ಲಿ ರೇಸ್ ಕೊಟ್ಟಾಗ ಬಂದರೆ ತಪ್ಪು ಇಂಜಿನ್ ಕಡೆ. ಓಡುವಾಗ ಗೇರ್ ತಪ್ಪಿಸಿ ನ್ಯೂಟ್ರಲ್ ಮಾಡಿದರೂ ಉಳಿದರೆ ಗಾಲಿ, ಶಾಫ್ಟ್, ಡಿಫರೆನ್ಷಿಯಲ್ ಕಡೆ. ಕ್ಲಚ್ ಒತ್ತಿದಾಗ ಮಾತ್ರ ಕಿರುಗುಟ್ಟಿದರೆ ರಿಲೀಸ್ ಬೇರಿಂಗ್. ಇಷ್ಟರಲ್ಲೇ ಅರ್ಧ ಗಾಡಿ ಹುಡುಕುವ ಕೆಲಸ ಉಳಿಯಿತು.

ಶಕ್ತಿಮಾನ್‌ನ ಇಂಜಿನ್ ಸ್ವಭಾವತಃ ಸೌಮ್ಯ. ಎಂ.ಎ.ಎನ್. ಕಂಪನಿಯವರು 1950ರ ದಶಕದಲ್ಲಿ ತಂದ ಪದ್ಧತಿಯಲ್ಲಿ ಪಿಸ್ಟನ್ನಿನ ತಲೆಯಲ್ಲಿ ಚೆಂಡಿನಾಕಾರದ ಗುಳಿ ಇರುತ್ತದೆ. ಡೀಸೆಲ್ಲು ಬರೇ ಗಾಳಿಗೆ ಚಿಮ್ಮದೆ ಆ ಗುಳಿಯ ಗೋಡೆಗೆ ತೆಳ್ಳಗೆ ಬಳಿದುಕೊಂಡು, ಮೆಲ್ಲಗೆ ಆವಿಯಾಗಿ ಉರಿಯುತ್ತದೆ. ಹಾಗಾಗಿ ಕಟಕಟ ಕಡಿಮೆ. ಅಂಥ ಇಂಜಿನ್ ಕುಟ್ಟತೊಡಗಿತೆಂದರೆ ಏನೋ ಕೆಟ್ಟಿದೆ ಎಂದೇ ಅರ್ಥ. ಆಗ ಸ್ಲೋ ಓಟದಲ್ಲಿಟ್ಟು ಇಂಜೆಕ್ಟರ್ ಪೈಪಿನ ನಟ್ಟುಗಳನ್ನು ಒಂದೊಂದಾಗಿ ಸಡಿಲ ಮಾಡುವುದು. ಯಾವುದನ್ನು ಸಡಿಲಿಸಿದಾಗ ಕುಟ್ಟುವುದು ನಿಲ್ಲುತ್ತದೋ ಆ ಸಿಲಿಂಡರಿನಲ್ಲೇ ದೋಷ.

ಗೇರ್ ಬದಲಿಸಿದಾಗ ಕೆಳಗಿನಿಂದ 'ಟಕ್' ಎಂದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಸವೆದಿದೆ. ಗಾಲಿಗೆ ಕಲ್ಲು ಕೊಟ್ಟು ಕೈಯಿಂದ ಶಾಫ್ಟ್ ಅಲುಗಿಸಿ ನೋಡಿದರೆ ಗೊತ್ತಾಗುತ್ತದೆ. ನಾಲ್ಕು ಗಾಲಿ ಎಳೆತದ ಗಾಡಿಯಲ್ಲಿ ಶಾಫ್ಟುಗಳೂ ಹೆಚ್ಚು, ಕ್ರಾಸುಗಳೂ ಹೆಚ್ಚು. ಪಾಟಾ 'ಕಿಂಯ್' ಎಂದರೆ ಗ್ರೀಸು ಬೇಡುತ್ತದೆ. ಒಳಗಿನ ಆವಾಜಿಗೆ ಉದ್ದನೆ ಕಬ್ಬಿಣದ ಸಲಾಖೆಯ ಒಂದು ತುದಿ ಗೇರ್ ಬಾಕ್ಸಿಗೆ, ಇನ್ನೊಂದು ಕಿವಿ ಹತ್ತಿರ. ಡಾಕ್ಟರು ಎದೆ ನೋಡಿದ ಹಾಗೆ.

ಸಂತಪುರ ದಾಟಿದ ಮೇಲಿನ ಆವಾಜು

ಎಲ್ಲದಕ್ಕಿಂತ ಹೆಚ್ಚು ಸತಾಯಿಸಿದ್ದು ಒಂದು ಆವಾಜು. ಔರಾದದಿಂದ ಕಾಳು ತುಂಬಿಕೊಂಡು ಬೀದರಿಗೆ ಬರುವಾಗ ಸಂತಪುರ ದಾಟಿದ ಮೇಲೆ ಮಾತ್ರ 'ಗುಂಯ್' ಎಂದು ಶುರುವಾಗುತ್ತಿತ್ತು. ನಿಲ್ಲಿಸಿದರೆ ಇಲ್ಲ. ಮರುದಿನ ಊರಲ್ಲಿ ಓಡಿಸಿ ನೋಡಿದರೂ ಇಲ್ಲ. ಬೀದರ ಹತ್ತಿರವಾದಂತೆ ತರಬೇತಿ ವಿಮಾನದ ಆವಾಜಿರಬಹುದು ಎಂದರು ಕೆಲವರು. ಆದರೆ ರಾತ್ರಿಯೂ ಬರುತ್ತಿತ್ತಲ್ಲ! ದಾರಿಯಲ್ಲಿ ಒಂದು ಹಾಳು ಬಾವಿ ಇದೆ, ಅಲ್ಲಿ ನಿಂಬೆಹಣ್ಣು ಇಳಿಸಿರಿ ಎಂದರು ಮತ್ತೆ ಕೆಲವರು. ಹಮಾಲರು ಮೂಟೆಗಳ ಮೇಲೆ ಕೂಡಲು ಹೆದರಿದರು.

ಹವಾಲ್ದಾರರು ನಗಲೂ ಇಲ್ಲ, ಬೈಯಲೂ ಇಲ್ಲ. ತಾವೇ ಕ್ಯಾಬಿನ್ನಿನಲ್ಲಿ ಕುಂತು ಔರಾದದಿಂದ ಬಂದರು. ಆವಾಜು ಶುರುವಾದೊಡನೆ ನ್ಯೂಟ್ರಲ್ ಮಾಡಿಸಿದರು, ನಿಲ್ಲಲಿಲ್ಲ. ಎಡಕ್ಕೆ ತಿರುವಿನಲ್ಲಿ ಹೆಚ್ಚಾಯಿತು, ಬಲಕ್ಕೆ ತಿರುವಿದಾಗ ತಗ್ಗಿತು. ಎಡಕ್ಕೆ ತಿರುಗುವಾಗ ಭಾರ ಬಲಗಡೆ ಗಾಲಿಗಳ ಮೇಲೆ ಬೀಳುತ್ತದೆ. ಗಾಡಿ ನಿಲ್ಲಿಸಿ ನಾಲ್ಕೂ ಹಬ್ಬುಗಳ ಹತ್ತಿರ ಅಂಗೈ ಒಡ್ಡಿ ನೋಡಿದರು. ಮುಂದಿನ ಬಲಗಾಲಿಯದು ಮುಟ್ಟಲಾಗದಷ್ಟು ಕಾದಿತ್ತು. ಬಿಚ್ಚಿದರೆ ಬೇರಿಂಗಿನ ರೋಲರುಗಳ ಮೈತುಂಬ ಮೈಲಿ ಕಲೆಯಂತೆ ಗುಳಿಗಳು. ಖಾಲಿ ಗಾಡಿಗೆ ಅದು ಸುಮ್ಮನಿರುತ್ತಿತ್ತು. ಭಾರ ಹೊತ್ತು ಅಷ್ಟು ದೂರ ಬಂದ ಮೇಲೆ ಕಾದು, ಗ್ರೀಸು ತೆಳ್ಳಗಾಗಿ, ಕಬ್ಬಿಣಕ್ಕೆ ಕಬ್ಬಿಣ ತಾಗಿ ಕೂಗುತ್ತಿತ್ತು. ಅದಕ್ಕೇ ಸಂತಪುರ!

ಇನ್ನು ನಾಲ್ಕು ಟ್ರಿಪ್ ಆಗಿದ್ದರೆ ಬೇರಿಂಗ್ ಪುಡಿಯಾಗಿ ಗಾಲಿ ಹಿಡಿದುಕೊಳ್ಳುತ್ತಿತ್ತು ಇಲ್ಲವೇ ಕಳಚುತ್ತಿತ್ತು ಎಂದು ಹವಾಲ್ದಾರರು ಹೇಳಿದರು. ಮೇಲೆ ಮೂಟೆಗಳ ಜೊತೆ ನಾಲ್ಕು ಮಂದಿ ಹಮಾಲರು ಕೂಡುತ್ತಿದ್ದರು, ಎಲ್ಲರೂ ಹೆಂಡಿರು ಮಕ್ಕಳುಳ್ಳವರು. ಆ ದಿನದಿಂದ ಮಂದಿಯನ್ನು ಮೂಟೆಗಳ ಮೇಲೆ ಕೂಡಿಸಕೂಡದು ಎಂದು ಸಂಘದಲ್ಲಿ ಠರಾವಾಯಿತು. ಹೊಸ ಬೇರಿಂಗನ್ನು ಸಿಕಂದರಾಬಾದಿನ ರಾಣಿಗಂಜ್‌ದಿಂದ ತಂದು ಕೂಡಿಸಿದೆವು. ನಿಂಬೆಹಣ್ಣಿನ ಖರ್ಚು ಉಳಿಯಿತು.

ಮೂರು ಪರೇಡು ಮತ್ತು ಒಂದು ರಿಜಿಸ್ಟರು

ಗಾಡಿ ಅಷ್ಟು ವರ್ಷ ಬಾಳಿದ್ದಕ್ಕೆ ಕಾರಣ ಸೈನ್ಯದ ಶಿಸ್ತು. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಫಸ್ಟ್ ಪರೇಡ್: ಆಯಿಲ್, ನೀರು, ಗಾಳಿ, ಬ್ರೇಕ್, ಗಾಲಿಯ ನಟ್ಟು. ದಾರಿಯಲ್ಲಿ ನಿಂತಾಗ ಹಾಲ್ಟ್ ಪರೇಡ್: ಹಬ್ಬಿಗೆ ಅಂಗೈ, ಕೆಳಗೆ ಬಗ್ಗಿ ಸೋರಿಕೆ ನೋಡುವುದು. ರಾತ್ರಿ ಲಾಸ್ಟ್ ಪರೇಡ್: ತೊಳೆದು, ಗ್ರೀಸು ಹೊಡೆದು, ಮರುದಿನಕ್ಕೆ ಸಜ್ಜು ಮಾಡಿ ನಿಲ್ಲಿಸುವುದು. ಕೇಳಿದ ಆವಾಜು ಚಾಲಕರು ರಿಜಿಸ್ಟರಿನಲ್ಲಿ ಬರೆಯಲೇಬೇಕು: ಯಾವ ದಾರಿ, ಎಷ್ಟು ಭಾರ, ಎಷ್ಟು ಸ್ಪೀಡು. ಪುರ್ಜೆ ಸಿಗದ ಗಾಡಿಗೆ ಮುಂಚೆ ತಿಳಿಯುವುದೇ ದೊಡ್ಡ ಔಷಧ. ಇವತ್ತು ಕೆಟ್ಟದ್ದು ಇವತ್ತೇ ಸಿಗುವ ಗಾಡಿ ಇದಲ್ಲ.

ಈಗಿನ ಮಾತು

ಹವಾಲ್ದಾರರು 2019ರಲ್ಲಿ ತೀರಿಕೊಂಡರು. 2022ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಗಾಡಿಗಳ ಫಿಟ್‌ನೆಸ್ ಶುಲ್ಕ ಬಹಳ ಏರಿದ ಮೇಲೆ ಲಾರಿಯನ್ನು ರಸ್ತೆಗೆ ಇಳಿಸಿಲ್ಲ. ಈಗ ಹೊಲದ ದಾರಿಗಳಿಗೂ ಟ್ರ್ಯಾಕ್ಟರು ಬಂದಿವೆ. ಗುಜರಿಗೆ ಕೊಟ್ಟರೆ ಬರುವ ರೊಕ್ಕದಲ್ಲಿ ಗೋದಾಮಿನ ತಗಡು ಬದಲಿಸಬಹುದು ಎನ್ನುವ ಸದಸ್ಯರೂ ಇದ್ದಾರೆ, ಇರಲಿ ಎನ್ನುವವರೂ ಇದ್ದಾರೆ. ಎರಡೂ ಮಾತಿನಲ್ಲಿ ನ್ಯಾಯವಿದೆ. ಈ ವರ್ಷದ ಮಹಾಸಭೆಯಲ್ಲಿ ವಿಷಯ ಬರಲಿದೆ. ತಗಡು ಸೋರುವುದು ಖರೇ. ಆದರೂ ಆ ಗಾಡಿಯನ್ನು ಇಟ್ಟುಕೊಳ್ಳಬೇಕೆಂದೇ ನಾವು ಕೈ ಎತ್ತುವವರು. ಮಳೆಗಾಲದಲ್ಲಿ ನಮ್ಮ ಕಾಳಿಗೆ ನ್ಯಾಯದ ಬೆಲೆ ತಂದು ಕೊಟ್ಟದ್ದು ಅದು, ನಮ್ಮ ಹುಡುಗರಲ್ಲಿ ಮೂವರು ಮೆಕ್ಯಾನಿಕ್ ಆಗಿ ಅನ್ನ ಉಣ್ಣುತ್ತಿರುವುದು ಅದರ ಕೆಳಗೆ ಮಲಗಿ ಕಲಿತದ್ದರಿಂದ.

ಮಹಾಸಭೆ ಏನೇ ತೀರ್ಮಾನ ಮಾಡಲಿ, ಆವಾಜಿನ ರಿಜಿಸ್ಟರನ್ನು ಮಾತ್ರ ರದ್ದಿಗೆ ಹಾಕಬಾರದೆಂದು ನಮ್ಮ ವಿನಂತಿ. ಬೆಳ್ಳಿ ಹಬ್ಬದ ದಿನ ಅದನ್ನು ಕಚೇರಿಯ ಮೇಜಿನ ಮೇಲೆ ಇಡಲಾಗುವುದು. ಸದಸ್ಯರು, ವಿಶೇಷವಾಗಿ ಟ್ರ್ಯಾಕ್ಟರು ಓಡಿಸುವ ತರುಣರು, ತಪ್ಪದೆ ಬಂದು ಓದಬೇಕು.