ಬೀಸಣಿಗೆ ಮತ್ತು ಲಾಳಿಕೆ: ದೇವನಹಳ್ಳಿ ವಿಮಾನ ನಿಲ್ದಾಣದಿಂದ ಬೆಂಗಳೂರಿನೊಳಕ್ಕೆ ಬರುವ ಬಸ್ ಜಾಲದ ಪರಾಮರ್ಶೆ

ದೇವನಹಳ್ಳಿ ವಿಮಾನ ನಿಲ್ದಾಣದ ಬಗ್ಗೆ ನಡೆದಿರುವ ಚರ್ಚೆಗಳಲ್ಲಿ ಬಿಎಂಟಿಸಿಯ ವಾಯುವಜ್ರ ಬಸ್ಸಿಗೆ ಸಿಕ್ಕಿರುವ ಸ್ಥಾನ ಬಹುಮಟ್ಟಿಗೆ ಒಂದೇ: ರೈಲು ಬರುವ ತನಕದ ಏರ್ಪಾಡು. 2008ರ ಮೇ 24ರಂದು ಎಚ್‌ಎಎಲ್ ನಿಲ್ದಾಣದಿಂದ ನಾಗರಿಕ ವಿಮಾನಯಾನ ಇಲ್ಲಿಗೆ ಬಂದ ದಿನದಿಂದಲೂ ಈ ಮಾತು ಬದಲಾಗಿಲ್ಲ. ಅತಿವೇಗದ ರೈಲಿನ ಪ್ರಸ್ತಾಪ ಬಂತು, ಕಡತಕ್ಕೆ ಸೇರಿತು. 2021ರ ಜನವರಿಯಲ್ಲಿ ಯಲಹಂಕ–ಚಿಕ್ಕಬಳ್ಳಾಪುರ ಹಳಿಯ ಮೇಲೆ ಒಂದು ಹಾಲ್ಟ್ ನಿಲ್ದಾಣ ತೆರೆಯಿತು. ಈಗ ಮೆಟ್ರೊ ನೀಲಿ ಮಾರ್ಗದ ಕಂಬಗಳು ಬಳ್ಳಾರಿ ರಸ್ತೆಯುದ್ದಕ್ಕೂ ಎದ್ದಿವೆ. ಇಷ್ಟೆಲ್ಲದರ ನಡುವೆ ದಿನವೂ ಓಡುತ್ತಾ ಬಂದಿರುವ ಬಸ್ಸನ್ನು ಅದರದೇ ಗುಣದಿಂದ ಅಳೆದು ನೋಡುವ ಕೆಲಸ ಸಾಕಷ್ಟು ನಡೆದಿಲ್ಲ ಎಂಬುದು ಈ ಲೇಖನದ ಹಿಂದಿರುವ ಅತೃಪ್ತಿ.

ಒಪ್ಪಿತವಾದ ಸಂಗತಿಗಳನ್ನು ಬೇಗ ಹೇಳಿ ಮುಗಿಸಬಹುದು. ವಿಮಾನ ನಿಲ್ದಾಣದ ಸಾರಿಗೆಯಲ್ಲಿ ವಾಹನದ ವೇಗವೊಂದೇ ನಿರ್ಣಾಯಕವಲ್ಲ. ಶಾಂಘೈನ ಪುಡಾಂಗ್ ನಿಲ್ದಾಣದಿಂದ ಹೊರಡುವ ಮ್ಯಾಗ್ಲೆವ್ ರೈಲು ಸುಮಾರು 30 ಕಿ.ಮೀ. ದೂರವನ್ನು ಎಂಟು ನಿಮಿಷದ ಆಸುಪಾಸಿನಲ್ಲಿ ಮುಗಿಸುತ್ತದೆ. ಆದರೆ ಅದು ನಿಲ್ಲುವ ಲಾಂಗ್‌ಯಾಂಗ್ ರಸ್ತೆಯಿಂದ ನಗರದ ನಡುಭಾಗಕ್ಕೆ ಮತ್ತೆ ಮೆಟ್ರೊ ಹಿಡಿಯಬೇಕು. ದೆಹಲಿಯಲ್ಲಿ 2011ರ ಫೆಬ್ರವರಿಯಲ್ಲಿ ಶುರುವಾದ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಖಾಸಗಿ ನಿರ್ವಹಣೆಯಲ್ಲಿ ನಿಲ್ಲಲಾಗದೆ 2013ರ ಜುಲೈನಲ್ಲಿ ದೆಹಲಿ ಮೆಟ್ರೊ ನಿಗಮದ ಕೈಗೆ ಬಂತು. ದರ ಇಳಿಸಿದ ಮೇಲೆ ಜನ ಹೆಚ್ಚಿದರು. ಕಾಯುವ ಹೊತ್ತೂ ಪ್ರಯಾಣದ ಹೊತ್ತೇ ಎಂಬುದನ್ನು ಅರ್ಥಶಾಸ್ತ್ರಜ್ಞ ಹರ್ಬರ್ಟ್ ಮೋರಿಂಗ್ 1972ರಲ್ಲಿ ಬಸ್ ಸಾರಿಗೆಯನ್ನೇ ಎದುರಿಗಿಟ್ಟುಕೊಂಡು ವಿವರಿಸಿದ್ದಾರೆ: ಬಸ್ಸುಗಳ ಸಂಖ್ಯೆ ಹೆಚ್ಚಿದಂತೆ ಪ್ರತಿ ಪ್ರಯಾಣಿಕನೂ ಕಾಯುವ ಹೊತ್ತು ತಗ್ಗುತ್ತದೆ. ಇವುಗಳಲ್ಲಿ ಯಾವುದರ ಬಗ್ಗೆಯೂ ತಕರಾರಿಲ್ಲ.

ಬೆಂಗಳೂರಿನ ಮಟ್ಟಿಗೆ ಇನ್ನೊಂದು ಮಾತು ಸೇರಿಸಬೇಕು. ವಿಮಾನ ನಿಲ್ದಾಣದಿಂದ ನಗರ ಕೇಂದ್ರಕ್ಕೆ ಎನ್ನುವಾಗ ಒಂದು ಕೇಂದ್ರ ಇದೆಯೆಂದು ಮೊದಲೇ ಒಪ್ಪಿಕೊಂಡಂತಾಗುತ್ತದೆ. ಜಾನಕಿ ನಾಯರ್ ಅವರ 'ದಿ ಪ್ರಾಮಿಸ್ ಆಫ್ ದಿ ಮೆಟ್ರೊಪೊಲಿಸ್' ಕೃತಿಯನ್ನು ಓದಿದವರಿಗೆ ಈ ಒಪ್ಪಿಗೆ ಎಷ್ಟು ಸಡಿಲವೆಂದು ಗೊತ್ತು. ಕೆಂಪೇಗೌಡರ ಪೇಟೆ ಒಂದು, 1809ರಲ್ಲಿ ನೆಲೆಯಾದ ದಂಡು ಇನ್ನೊಂದು, ನಡುವೆ ಕಬ್ಬನ್ ಪಾರ್ಕ್. ಕೈಬಿಟ್ಟ ಅತಿವೇಗದ ರೈಲಿನ ಯೋಜನೆ ತನ್ನ ಕೊನೆಯ ನಿಲ್ದಾಣವನ್ನು ಮಿನ್ಸ್ಕ್ ಚೌಕದ ಬಳಿ, ಅಂದರೆ ದಂಡಿನ ಅಂಚಿನಲ್ಲಿ ಗುರುತಿಸಿತ್ತು. ಊರಿನ ಬಹುಪಾಲು ಜನಕ್ಕೆ ಕೇಂದ್ರವೆಂದರೆ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಎದ್ದ ಮೆಜೆಸ್ಟಿಕ್ ಬಸ್ ನಿಲ್ದಾಣ. ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ ಕೆಲಸ ಮಾಡಿ ಅಲ್ಲೇ ಮನೆ ಮಾಡಿದವರಿಗೆ ಎರಡೂ ದೂರದ ಊರುಗಳೇ. ವಾಯುವಜ್ರದ ಮಾರ್ಗಪಟ್ಟಿ ಈ ಬಹುಕೇಂದ್ರ ನಗರವನ್ನು ಇದ್ದಂತೆಯೇ ಒಪ್ಪಿಕೊಂಡಿದೆ. 5 ಬನಶಂಕರಿಗೆ, 8 ಎಲೆಕ್ಟ್ರಾನಿಕ್ಸ್ ಸಿಟಿಗೆ, 9 ಮೆಜೆಸ್ಟಿಕ್‌ಗೆ. ಹೀಗೆ ಒಂದು ಹಿಡಿಯಿಂದ ಬೀಸಣಿಗೆಯ ಕಡ್ಡಿಗಳು ಬಿಚ್ಚಿಕೊಂಡಂತೆ ಬಸ್ಸುಗಳು ಹರಡಿಕೊಳ್ಳುತ್ತವೆ.

ವಿವಾದ ಇರುವುದು ಈ ಬೀಸಣಿಗೆಯ ಬಗ್ಗೆಯೇ. ಸಾರಿಗೆ ಯೋಜಕ ಜ್ಯಾರೆಟ್ ವಾಕರ್ 'ಹ್ಯೂಮನ್ ಟ್ರಾನ್ಸಿಟ್' ಕೃತಿಯಲ್ಲಿ ನೇರ ಮಾರ್ಗಗಳ ಮೋಹವನ್ನು ಗಟ್ಟಿಯಾಗಿ ಪ್ರಶ್ನಿಸುತ್ತಾರೆ. ಅವರ ದೃಷ್ಟಾಂತ ಸರಳ. ಮೂರು ಬಡಾವಣೆ, ಮೂರು ಕೆಲಸದ ತಾಣ. ಎಲ್ಲ ಕಡೆಯಿಂದ ಎಲ್ಲ ಕಡೆಗೂ ನೇರ ಬಸ್ಸು ಬೇಕೆಂದರೆ ಒಂಬತ್ತು ಮಾರ್ಗ, ಒಂದೊಂದರಲ್ಲೂ ಅರ್ಧ ಗಂಟೆಗೊಂದು ಬಸ್ಸು. ನಡುವೆ ಒಂದು ಕಡೆ ಬಸ್ ಬದಲಾಯಿಸಲು ಜನ ಒಪ್ಪಿದರೆ ಮೂರೇ ಮಾರ್ಗ ಸಾಕು, ಹತ್ತು ನಿಮಿಷಕ್ಕೊಂದು ಬಸ್ಸು. ನೇರ ಪ್ರಯಾಣದಲ್ಲಿ ಸರಾಸರಿ ಕಾಯುವುದು 15 ನಿಮಿಷ. ಬದಲಾಯಿಸುವವನು ಎರಡು ಬಾರಿ ಐದೈದು ನಿಮಿಷ ಕಾದರೂ ಒಟ್ಟು 10. ನೇರ ಬಸ್ಸೇ ಲೇಸೆಂಬ ನಮ್ಮ ನಂಬಿಕೆಯನ್ನು ಈ ಲೆಕ್ಕ ಅಲುಗಾಡಿಸುತ್ತದೆ. ನಗರದೊಳಗಿನ ಸಾರಿಗೆಗೆ ಅದು ಸರಿಯೆಂದೇ ನನ್ನ ಅಭಿಪ್ರಾಯವೂ. ಇದೇ ತರ್ಕವನ್ನು ದೇವನಹಳ್ಳಿಗೆ ಹಚ್ಚಿದರೆ ಬೀಸಣಿಗೆಯನ್ನು ಹೆಬ್ಬಾಳದಲ್ಲಿ ಕತ್ತರಿಸಬೇಕು: ವಿಮಾನ ನಿಲ್ದಾಣದಿಂದ ಹೆಬ್ಬಾಳಕ್ಕೆ ಎಡೆಬಿಡದ ಬಸ್ಸು, ಅಲ್ಲಿಂದ ಮುಂದಕ್ಕೆ ನಗರದ ಬಸ್ಸು. ಮೆಟ್ರೊ ಬಂದ ಮೇಲೆ ವಾಯುವಜ್ರ ಯಾಕೆ ಎಂದು ಕೇಳುವವರ ಮಾತಿನ ಹಿಂದಿರುವುದೂ ಇದೇ ತರ್ಕ.

ನನ್ನ ಭಿನ್ನಾಭಿಪ್ರಾಯ ಹುಟ್ಟಿದ್ದು ಲೆಕ್ಕದಿಂದಲ್ಲ, ಒಂದು ಸಂಜೆ ನಿಲ್ದಾಣದ ಬಸ್ ಬೇಯಲ್ಲಿ ಕಂಡದ್ದರಿಂದ. ಬನಶಂಕರಿಯ ಬಸ್ಸು ಆಗಷ್ಟೇ ಹೊರಟುಹೋಗಿತ್ತು. ಕುತ್ತಿಗೆಯಲ್ಲಿ ನೌಕರರ ಗುರುತಿನ ಚೀಟಿ, ಕೈಯಲ್ಲಿ ಊಟದ ಡಬ್ಬಿ ಹಿಡಿದ ಹುಡುಗನೊಬ್ಬ ಓಡಿ ಬಂದ. ಪಕ್ಕದ ಬಸ್ಸಿನ ಕಂಡಕ್ಟರ್, "ಹೆಬ್ಬಾಳ ತಾನೇ? ಯಾವುದಾದ್ರೂ ಹತ್ತಪ್ಪ," ಎಂದರು. ಹುಡುಗ ಹತ್ತಿದ. ಅದೇ ಕಂಡಕ್ಟರ್ ಅವನ ಹಿಂದೆ ನಿಂತಿದ್ದ ವಯಸ್ಸಾದ ದಂಪತಿಗೆ, "ಅಮ್ಮಾ, ನೀವು ಕೂತ್ಕೊಳ್ಳಿ, ಬನಶಂಕರಿದು ಇನ್ನೊಂದು ಬರುತ್ತೆ," ಎಂದು ಹೇಳಿ ಬೆಂಚು ತೋರಿಸಿದರು. ದಂಪತಿಯ ಬಳಿ ಎರಡು ದೊಡ್ಡ ಸೂಟ್‌ಕೇಸು. ಒಂದರ ಜಿಪ್ ಕಿತ್ತಿತ್ತೆಂದು ಸುತ್ತಲೂ ನೈಲಾನ್ ಹಗ್ಗ ಬಿಗಿದು, ಹಿಡಿಕೆಗೆ ಗುರುತಿಗೆಂದು ಕೆಂಪು ಬಟ್ಟೆಯ ಚೂರು ಕಟ್ಟಿದ್ದರು. ಅವರು ಅರ್ಧ ಗಂಟೆಗೂ ಮಿಕ್ಕಿ ಕಾದರು. ಬೇಸರವೇನೂ ಇದ್ದಂತಿರಲಿಲ್ಲ, ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿಕೊಂಡು ಕುಡಿದು, ಮಗಳಿಗೆ ಫೋನು ಮಾಡಿ, ಬಸ್ಸು ಬಂದಾಗ ಹತ್ತಿದರು.

ಒಂದೇ ಕಂಡಕ್ಟರ್ ಒಂದೇ ನಿಮಿಷದಲ್ಲಿ ಎರಡು ಬಗೆಯ ಸಾರಿಗೆ ಜಾಲವನ್ನು ಇಬ್ಬರಿಗೆ ಹಂಚಿದರು. ವಾಕರ್ ಬದಲಾವಣೆಯ ಜಾಲ, ನೇರ ಜಾಲ ಎಂದು ಎದುರುಬದುರು ನಿಲ್ಲಿಸಿದ ಎರಡೂ ಇಲ್ಲಿ ಅದೇ ಬಸ್ಸುಗಳ ಮೇಲೆ ಕೂಡಿ ನಿಂತಿವೆ. ಕಾರಣ ಭೂಗೋಳದ್ದು. ನಿಲ್ದಾಣದಿಂದ ಹೊರಟ ಬಹುಪಾಲು ಮಾರ್ಗಗಳು ಸುಮಾರು 25 ಕಿ.ಮೀ. ದೂರದ ಹೆಬ್ಬಾಳದ ತನಕ ಒಂದೇ ಹೆದ್ದಾರಿಯಲ್ಲಿ ಸಾಗುತ್ತವೆ. ಬೀಸಣಿಗೆಗೆ ಹಿಡಿಯೇ ಉದ್ದ.

ಇದನ್ನು ಲೆಕ್ಕದಲ್ಲಿ ಇಡೋಣ. ಅಂಕಿಗಳು ವಾದದ ಸಲುವಾಗಿ ಹಿಡಿದವು, ಯಾವುದೇ ವೇಳಾಪಟ್ಟಿಯವಲ್ಲ. ಹತ್ತು ಮಾರ್ಗಗಳಿವೆ, ಒಂದೊಂದರಲ್ಲೂ 40 ನಿಮಿಷಕ್ಕೊಂದು ಬಸ್ಸು ಎನ್ನೋಣ. ನೇರ ಬಸ್ಸಿಗೆ ಕಾಯುವವರಿಗೆ ಸರಾಸರಿ 20 ನಿಮಿಷ. ಆದರೆ ಹೆಬ್ಬಾಳದ ತನಕ ಗಂಟೆಗೆ 15 ಬಸ್ಸು, ಅಂದರೆ 4 ನಿಮಿಷಕ್ಕೊಂದು. ಕಾಯುವುದು 2 ನಿಮಿಷ. ಹೆಬ್ಬಾಳದಲ್ಲಿ ಹತ್ತು ನಿಮಿಷಕ್ಕೊಂದು ನಗರದ ಬಸ್ಸು ಸಿಕ್ಕರೆ ಇನ್ನು 5. ಒಟ್ಟು 7 ನಿಮಿಷ; ನೇರ ಬಸ್ಸಿಗಿಂತ 13 ನಿಮಿಷ ಕಡಿಮೆ. ವಾಕರ್ ಗೆದ್ದಂತೆ ಕಾಣುತ್ತದೆ. ಆದರೆ ಈ 13 ನಿಮಿಷದ ಲಾಭ ಪಡೆಯಲು ಬೀಸಣಿಗೆಯನ್ನು ಕತ್ತರಿಸಬೇಕಾಗಿಲ್ಲ. ಡಬ್ಬಿ ಹಿಡಿದ ಹುಡುಗ ಅದನ್ನು ಈಗಲೇ ಪಡೆಯುತ್ತಿದ್ದಾನೆ. ಕತ್ತರಿಸಿದರೆ ಹೊಸದಾಗಿ ಸಿಗುವುದೇನು? ಸುತ್ತು ಚಿಕ್ಕದಾಗಿ ಅಷ್ಟೇ ಬಸ್ಸುಗಳಿಂದ ಇಮ್ಮಡಿ ಟ್ರಿಪ್ಪು ಓಡಿಸಬಹುದು ಎನ್ನೋಣ. 4 ನಿಮಿಷದ ಅಂತರ 2 ಆಗುತ್ತದೆ, ಕಾಯುವುದು 2ರಿಂದ 1ಕ್ಕೆ ಇಳಿಯುತ್ತದೆ. ಉಳಿತಾಯ ಒಂದು ನಿಮಿಷ. ಮೋರಿಂಗ್ ತೋರಿಸಿದ ಲಾಭ ಬಸ್ಸು ವಿರಳವಾಗಿರುವಲ್ಲಿ ದೊಡ್ಡದು, ದಟ್ಟವಾದಲ್ಲಿ ಕರಗಿಹೋಗುತ್ತದೆ. ಆ ಒಂದು ನಿಮಿಷಕ್ಕೆ ಬದಲಾಗಿ ಹಗ್ಗ ಬಿಗಿದ ಸೂಟ್‌ಕೇಸಿನ ದಂಪತಿ ಹೆಬ್ಬಾಳದ ಸರ್ವಿಸ್ ರಸ್ತೆಯಲ್ಲಿ ರಾತ್ರಿ ಹೊತ್ತು ಇಳಿದು ಇನ್ನೊಂದು ಬಸ್ಸು ಹುಡುಕಬೇಕು.

ಆದ್ದರಿಂದ ನನ್ನ ಪ್ರತಿಪಾದನೆ ಇಷ್ಟು: ಬಹುಪಾಲು ಮಾರ್ಗಗಳು ಒಂದೇ ಕೊರಳಿನಲ್ಲಿ ಹಾದುಹೋಗುವ ವಿಮಾನ ನಿಲ್ದಾಣದಲ್ಲಿ ನೇರ ಬಸ್ಸುಗಳ ಬೀಸಣಿಗೆ ತಾತ್ಕಾಲಿಕ ಏರ್ಪಾಡಲ್ಲ, ತಕ್ಕ ಏರ್ಪಾಡು. ರೈಲು ಬಂದ ಮೇಲೂ ಅದರ ಕೆಲವು ಕಡ್ಡಿಗಳನ್ನಾದರೂ ಉಳಿಸಿಕೊಳ್ಳಬೇಕು.

ಈ ಮಾತಿಗೆ ಹಲವು ಷರತ್ತುಗಳಿವೆ, ಅವನ್ನು ಮುಚ್ಚಿಡಬಾರದು. ಕಾಯುವ ಹೊತ್ತು ಅಂತರದ ಅರ್ಧ ಎಂಬ ಸೂತ್ರ ಬಸ್ಸುಗಳು ಸಮ ಅಂತರದಲ್ಲಿ ಬಂದರೆ ಮಾತ್ರ ನಿಜ. ಒಂದರ ಬೆನ್ನಿಗೆ ಒಂದು ಮೂರು ಬಸ್ಸು ಹೊರಟು ಆಮೇಲೆ ಹನ್ನೆರಡು ನಿಮಿಷ ಖಾಲಿ ಬಿದ್ದರೆ 4 ನಿಮಿಷದ ಲೆಕ್ಕ ಕಾಗದದ್ದಾಗುತ್ತದೆ. ಮಾರ್ಗಗಳೆಲ್ಲ ಹೆಬ್ಬಾಳ ಮುಟ್ಟುತ್ತವೆ ಎನ್ನಲಾಗದು. ಹೆಣ್ಣೂರು ಕಡೆಯಿಂದ ತಿರುಗುವ ಬಸ್ಸಿಗೆ ಈ ವಾದ ಹೊಂದುವುದಿಲ್ಲ. "ಯಾವುದಾದ್ರೂ ಹತ್ತಿ" ಎಂಬ ತಿಳಿವಳಿಕೆ ಊರು ಬಲ್ಲವರದು. ಮೊದಲ ಸಲ ಇಳಿದ ಬೀದರಿನವರಿಗೋ ಬಿಹಾರದವರಿಗೋ ಅದನ್ನು ಹೇಳಲು ಕಂಡಕ್ಟರೇ ಬೇಕು. ಹವಾನಿಯಂತ್ರಿತ ಬಸ್ಸಿನ ದರ ದಿನವೂ ಓಡಾಡುವ ಕೆಲಸಗಾರರಿಗೆ ಭಾರ, ಆ ಹುಡುಗ ತಿಂಗಳಿಗೆ ಎಷ್ಟು ಸಲ ಹಾಗೆ ಹತ್ತಬಲ್ಲ ಎಂಬುದು ನನ್ನ ಲೆಕ್ಕದೊಳಗಿಲ್ಲ. ಬೀಸಣಿಗೆಯನ್ನು ಕತ್ತರಿಸಿದರೆ ಉಳಿಯುವ ಬಸ್ಸುಗಳನ್ನು ವಿಮಾನ ಕಾಣದ ಬಡಾವಣೆಗಳಿಗೆ ಕೊಡಬಾರದೇ ಎಂಬ ಪ್ರಶ್ನೆ ಎಲ್ಲಕ್ಕಿಂತ ನ್ಯಾಯವಾದದ್ದು. ನಗರದ ಒಟ್ಟು ಹಿತವನ್ನು ನೋಡುವವರಿಗೆ ಅದೇ ಮುಖ್ಯವಾಗಬಹುದು. ನನ್ನ ವಾದ ನಿಲ್ದಾಣದ ಪ್ರಯಾಣಿಕರ ಎಲ್ಲೆಯೊಳಗಿನದು.

ಇನ್ನೊಂದು ಷರತ್ತು ವಾದದ ಆಕಾರವನ್ನೇ ಬದಲಿಸುತ್ತದೆ. ಇದುವರೆಗೆ ಹೇಳಿದ್ದು ಊರೊಳಕ್ಕೆ ಬರುವ ಪ್ರಯಾಣದ ಮಾತು. ಹೋಗುವಾಗ ಬೀಸಣಿಗೆ ತಲೆಕೆಳಗಾಗಿ ಲಾಳಿಕೆಯಾಗುತ್ತದೆ. ಬನಶಂಕರಿಯಲ್ಲಿ ನಿಂತವರಿಗೆ ತಮ್ಮ ಮಾರ್ಗದ ಬಸ್ಸೊಂದೇ ಗತಿ, ಅದು ತಪ್ಪಿದರೆ 40 ನಿಮಿಷ. ಬಂದವರು ಬೆಂಚಿನ ಮೇಲೆ ನೆಮ್ಮದಿಯಿಂದ ಕಾಯಬಲ್ಲರು, ಹೋಗುವವರಿಗೆ ಕಾಯುವ ಒಂದೊಂದು ನಿಮಿಷವೂ ವಿಮಾನ ತಪ್ಪುವ ಭಯ. ಅಂಥವರಿಗೆ ವಾಕರ್ ಹೇಳಿದ ದಾರಿಯೇ ಸರಿ: ಸಿಕ್ಕ ಬಸ್ಸೋ ಆಟೋವೋ ಹಿಡಿದು ಹೆಬ್ಬಾಳ ಸೇರಿದರೆ ಅಲ್ಲಿಗೆ ಬರುವ ಯಾವ ವಾಯುವಜ್ರವೂ ನಿಲ್ದಾಣಕ್ಕೇ. ಬೆಳಗಿನ ಜಾವ ಹೆಬ್ಬಾಳದ ಮೇಲ್ಸೇತುವೆಯ ಕೆಳಗೆ ಸೂಟ್‌ಕೇಸು ಹಿಡಿದು ನಿಂತವರನ್ನು ಕಂಡವರಿಗೆ ಇದು ಹೊಸ ವಿಷಯವಲ್ಲ. ಯೋಜನಾ ಸಾಹಿತ್ಯದಲ್ಲಿ ಬರುವ ಪ್ರಯಾಣ, ಹೋಗುವ ಪ್ರಯಾಣಗಳನ್ನು ಒಂದೇ ಸರಾಸರಿಯಲ್ಲಿ ಸೇರಿಸಿಬಿಡುವ ರೂಢಿ ಈ ವ್ಯತ್ಯಾಸವನ್ನು ಮರೆಮಾಡುತ್ತದೆ.

ನೀಲಿ ಮಾರ್ಗದ ವಿಚಾರ ಇಲ್ಲಿಗೆ ಬಂದು ಸೇರುತ್ತದೆ. ಕೇಂದ್ರ ಸಚಿವ ಸಂಪುಟ 2021ರ ಏಪ್ರಿಲ್‌ನಲ್ಲಿ ಒಪ್ಪಿದ 58.19 ಕಿ.ಮೀ. ಮಾರ್ಗ ಸೆಂಟ್ರಲ್ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರ, ಅಲ್ಲಿಂದ ಹೆಬ್ಬಾಳದ ಮೂಲಕ ನಿಲ್ದಾಣಕ್ಕೆ ಹೋಗುತ್ತದೆ. ಅಂದರೆ ಅದು ಹೊರವರ್ತುಲ ರಸ್ತೆಯ ಪೂರ್ವದ ಕಮಾನು. ಪೂರ್ವದ ಕಡ್ಡಿಗಳ ಕೆಲಸವನ್ನು ಅದು ಬಹುಮಟ್ಟಿಗೆ ವಹಿಸಿಕೊಳ್ಳಬಲ್ಲದು. ಆದರೆ ಪೇಟೆಯನ್ನೂ ದಂಡನ್ನೂ ಅದು ಮುಟ್ಟುವುದಿಲ್ಲ. ಮೆಜೆಸ್ಟಿಕ್‌ನಿಂದ ದೇವನಹಳ್ಳಿಗೆ ಉಪನಗರ ರೈಲಿನ 'ಸಂಪಿಗೆ' ಮಾರ್ಗವೆಂದು 41.4 ಕಿ.ಮೀ. ಗುರುತಾಗಿದೆ, ಅದು ಓಡುವ ತನಕ ಪಶ್ಚಿಮದ ಕಡ್ಡಿಗಳಾದ ಮೆಜೆಸ್ಟಿಕ್ ಮತ್ತು ಬನಶಂಕರಿ ಮಾರ್ಗಗಳನ್ನು ಹೆಬ್ಬಾಳದಲ್ಲಿ ಕತ್ತರಿಸಲು ಕಾರಣವಿಲ್ಲ. ಪೂರ್ವದ ಬಸ್ಸುಗಳು ನಿಂತರೆ ಹೆಬ್ಬಾಳದ ತನಕದ ಒಟ್ಟು ಬಸ್ಸುಗಳು ತೆಳುವಾಗುತ್ತವೆ, 4 ನಿಮಿಷ 8 ಆಗಬಹುದು. ಆ ಜಾಗವನ್ನು ರೈಲು ತುಂಬುವುದು ಬಸ್ಸಿನ ಚೀಟಿ, ಮೆಟ್ರೊ ಚೀಟಿ ಎಂಬ ಭೇದವಿಲ್ಲದೆ ಒಂದೇ ಟಿಕೆಟ್ಟಿನಲ್ಲಿ ಎರಡನ್ನೂ ಹತ್ತುವಂತಾದರೆ ಮಾತ್ರ.

ಹೆಬ್ಬಾಳದಲ್ಲಿ ರೈಲಿನಿಂದ ಇಳಿದವರು ಬಸ್ಸಿನ ತನಕ ಎಷ್ಟು ಮೆಟ್ಟಿಲು, ಎಷ್ಟು ಹೆಜ್ಜೆ ನಡೆಯಬೇಕಾಗುತ್ತದೆ ಎಂಬುದರ ಮೇಲೆ ಇಲ್ಲಿನ ಲೆಕ್ಕದ ಬಹುಭಾಗ ನಿಂತಿದೆ. ಸೂಟ್‌ಕೇಸು ಎಳೆದುಕೊಂಡು ಆ ದಾರಿಯನ್ನು ನಡೆದು ಅಳೆಯುವ ಕೆಲಸ ಮಾರ್ಗ ತೆರೆದ ಮೇಲೆ ಆಗಬೇಕಾದದ್ದು. ರಾತ್ರಿ ಹನ್ನೆರಡರ ನಂತರ ಇಳಿಯುವ ವಿಮಾನಗಳ ಪ್ರಯಾಣಿಕರನ್ನೂ, ಆ ಹೊತ್ತಿನ ಪಾಳಿ ಮುಗಿಸುವ ನಿಲ್ದಾಣದ ಕೆಲಸಗಾರರನ್ನೂ ಈ ಲೇಖನ ಬೇರೆಯಾಗಿ ಪರಿಶೀಲಿಸಿಲ್ಲ. ಅವರ ವಿಷಯದಲ್ಲಿ ಇಲ್ಲಿನ ತೀರ್ಮಾನ ತಿದ್ದುಪಡಿಗೆ ಒಳಗಾಗಬಹುದು.