ಆಟದ ಪೆಟ್ಟಿಗೆಯೊಳಗಿನ ತಿರುಗುವ ನೆನಪು

ಟಿವಿಗೆ ಜೋಡಿಸಿ ಆಡುವ ಗೇಮ್ ಕನ್ಸೋಲಿನಲ್ಲಿ ಹುಡುಗನೊಬ್ಬ ಹಲವು ವಾರಗಳ ಆಟವನ್ನು ಉಳಿಸಿಟ್ಟಿದ್ದಾನೆ ಎನ್ನಿ. ಒಂದು ಸಂಜೆ ಸ್ವಿಚ್ ಒತ್ತಿದರೆ ಒಳಗಿನಿಂದ 'ಟಿಕ್ ಟಿಕ್' ಸದ್ದು, ತೆರೆಯ ಮೇಲೆ ದೋಷದ ಸೂಚನೆ. ಹಾರ್ಡ್ ಡಿಸ್ಕ್ ಕೆಟ್ಟಿದೆ. ಹಳೆಯದನ್ನು ತೆಗೆದು ಹೊಸದನ್ನು ಹಾಕಿದರೆ ಸಾಲದೆ? ಈ ಪ್ರಶ್ನೆಗೆ ಉತ್ತರ ಕಾಲಕಾಲಕ್ಕೆ ಬದಲಾಗಿದೆ.

ಮೊದಲ ಹಾರ್ಡ್ ಡಿಸ್ಕನ್ನು ಐಬಿಎಂ ಸಂಸ್ಥೆ 1956ರಲ್ಲಿ ತನ್ನ ರಾಮಾಕ್ ಗಣಕದೊಂದಿಗೆ ಹೊರತಂದಿತು. ಅದರಲ್ಲಿ 24 ಅಂಗುಲ ವ್ಯಾಸದ 50 ಬಿಲ್ಲೆಗಳಿದ್ದವು. ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರಗಳು ಮಾತ್ರ. ಬಿಲ್ಲೆಗೂ ಓದು-ಬರಹದ ಹೆಡ್‌ಗೂ ನಡುವೆ ಸುಮಾರು 20 ಮೈಕ್ರೊಮೀಟರ್ ಗಾಳಿಯ ಪದರವಿತ್ತು. ಕಾಂತೀಯ ಗುರುತು ಚಿಕ್ಕದಾದಷ್ಟೂ ಅದರ ಕ್ಷೇತ್ರ ಮೇಲ್ಮೈಯಿಂದ ದೂರಕ್ಕೆ ಬೇಗ ಕ್ಷೀಣಿಸುತ್ತದೆ. ಆದ್ದರಿಂದ ಹೆಚ್ಚು ಮಾಹಿತಿ ತುಂಬಬೇಕಾದರೆ ಹೆಡ್ ಇನ್ನಷ್ಟು ಕೆಳಗೆ ಹಾರಲೇಬೇಕು. ಶತಮಾನದ ಕೊನೆಗೆ ಈ ಅಂತರ ಹತ್ತಾರು ನ್ಯಾನೊಮೀಟರಿಗೆ ಇಳಿದಿತ್ತು. ಧೂಳಿನ ಕಣವೂ ಅದಕ್ಕಿಂತ ದೊಡ್ಡದು! ಓಡುತ್ತಿರುವಾಗ ಪೆಟ್ಟು ಬಿದ್ದರೆ ಹೆಡ್ ಬಿಲ್ಲೆಯನ್ನು ಗೀರಬಹುದು.

ಇಂಥ ನಾಜೂಕಿನ ಸಾಧನ ಆಟದ ಪೆಟ್ಟಿಗೆಯೊಳಗೆ ಕಾಯಂ ಭಾಗವಾಗಿ ಬಂದದ್ದು 2001ರ ನವೆಂಬರಿನಲ್ಲಿ, ಅಮೆರಿಕದಲ್ಲಿ ಬಿಡುಗಡೆಯಾದ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್‌ನಲ್ಲಿ. ಅದರ ಡಿಸ್ಕಿನ ಸಾಮರ್ಥ್ಯ 8 ಗಿಗಾಬೈಟ್. ನಕಲು ತಡೆಯಲು ಡಿಸ್ಕಿಗೆ ಪಾಸ್‌ವರ್ಡಿನ ಬೀಗ ಹಾಕಲಾಗಿತ್ತು. ಅದನ್ನು ತೆರೆಯುವ ಕೀಲಿ ಮುಖ್ಯ ಫಲಕದ ಪುಟ್ಟ ಚಿಪ್‌ನಲ್ಲಿತ್ತು. ಪ್ರತಿ ಯಂತ್ರಕ್ಕೂ ಬೇರೆ ಬೇರೆ ಕೀಲಿ. ಹೀಗಾಗಿ ಅಂಗಡಿಯಿಂದ ತಂದ ಡಿಸ್ಕನ್ನು ಯಂತ್ರ ಒಪ್ಪುತ್ತಿರಲಿಲ್ಲ. ಫಲಕವೇ ಕೆಟ್ಟರೆ, ಡಿಸ್ಕ್ ಚೆನ್ನಾಗಿದ್ದರೂ ಒಳಗಿನದು ಕೈಗೆ ಸಿಗುತ್ತಿರಲಿಲ್ಲ.

2005ರ ಎಕ್ಸ್‌ಬಾಕ್ಸ್ 360ರಲ್ಲಿ ಡಿಸ್ಕನ್ನು ಹೊರಗಿನಿಂದಲೇ ಕಳಚಬಹುದಿತ್ತು. 2006ರಲ್ಲಿ ಬಂದ ಸೋನಿಯ ಪ್ಲೇಸ್ಟೇಷನ್ 3 ಇನ್ನೂ ಉದಾರಿ. ಲ್ಯಾಪ್‌ಟಾಪಿನ ಎರಡೂವರೆ ಅಂಗುಲದ ಸಾಮಾನ್ಯ ಡಿಸ್ಕನ್ನು ಮಾಲೀಕನೇ ಸ್ಕ್ರೂಡ್ರೈವರ್ ಹಿಡಿದು ಕೂರಿಸಬಹುದಿತ್ತು. ಆದರೆ ಇಲ್ಲೂ ಬರಹವೆಲ್ಲ ಆಯಾ ಯಂತ್ರದ ಕೀಲಿಯ ಗೂಢಲಿಪಿಯಲ್ಲಿ! ಹೊಸ ಡಿಸ್ಕಿನಿಂದ ಯಂತ್ರ ಮತ್ತೆ ನಡೆಯುತ್ತದೆ, ಹಳೆಯ ಆಟ ಬರುವುದಿಲ್ಲ. ಮೊದಲೇ ಬೇರೆಡೆ ಪ್ರತಿ ಮಾಡಿಟ್ಟವನಿಗೆ ಮಾತ್ರ ಅದು ಮರಳಿ ದಕ್ಕೀತು.

2020ರ ಪ್ಲೇಸ್ಟೇಷನ್ 5ರಲ್ಲಿ ತಿರುಗುವ ಬಿಲ್ಲೆಯೇ ಇಲ್ಲ. ಫ್ಲ್ಯಾಶ್ ಚಿಪ್‌ಗಳನ್ನು ಫಲಕಕ್ಕೇ ಬೆಸುಗೆ ಹಾಕಲಾಗಿದೆ. ಗೀರು ಬೀಳುವ ಭಯವಿಲ್ಲ ನಿಜ. ಆದರೆ ಪ್ರತಿ ಬರಹದೊಂದಿಗೆ ಚಿಪ್‌ನ ನಿರೋಧಕ ಪದರ ತುಸು ಸವೆಯುತ್ತದೆ, ಮತ್ತು ಕೆಟ್ಟ ಚಿಪ್ಪನ್ನು ಮನೆಯಲ್ಲಿ ಬದಲಿಸುವಂತಿಲ್ಲ.

ಟಿಕ್ ಟಿಕ್ ಸದ್ದು ಕೇಳಿದರೆ ಯಂತ್ರವನ್ನು ಮತ್ತೆ ಮತ್ತೆ ಚಾಲೂ ಮಾಡಬಾರದು. ಓದಲು ಸಿಗುವಷ್ಟನ್ನು ಮೊದಲು ಬೇರೆಡೆಗೆ ಪ್ರತಿ ಮಾಡಿಕೊಳ್ಳಬೇಕು. ಡಿಸ್ಕಿನ ಮುಚ್ಚಳವನ್ನಂತೂ ತೆರೆಯಲೇಬಾರದು. ಪೂರ್ತಿ ಸತ್ತ ಡಿಸ್ಕ್ ಸಿಕ್ಕರೆ ಶಿಕ್ಷಕರು ಅದನ್ನು ತರಗತಿಯಲ್ಲಿ ಬಿಚ್ಚಿ ತೋರಿಸಬಹುದು. ಕನ್ನಡಿಯಂತೆ ಹೊಳೆಯುವ ಬಿಲ್ಲೆಯ ಮೇಲೆ ವೃತ್ತಾಕಾರದ ಗೀರು ಕಂಡರೆ, ಹತ್ತಾರು ನ್ಯಾನೊಮೀಟರ್ ಎಂದರೆ ಏನೆಂಬುದು ಮಕ್ಕಳಿಗೆ ಬೇರೆ ವಿವರಣೆಯಿಲ್ಲದೆ ತಿಳಿಯುತ್ತದೆ.